ಬೋಳು ತಲೆಯ ಪಂಕ್

ಸೈನ್ಯದವರ ಆಳ್ವಿಕೆಯಲ್ಲಿ ನಮ್ಮ ಯಾಂಗೊನ್ ನಗರದ, ಜುಟ್ಟು ನಿಲ್ಲಿಸಿಕೊಂಡು ಅಬ್ಬರದ ಹಾಡು ಹಾಡುವ ಪಂಕ್ ಹುಡುಗರು ಹೆದರದೆ ಬೀದಿಗಿಳಿಯುತ್ತಿದ್ದದ್ದು ತಿಂಜಾನ್ ನೀರಹಬ್ಬದಲ್ಲಿ ಮಾತ್ರ. ಆಗ ಗುಮಾಸ್ತರ ಮಕ್ಕಳೂ ತಲೆಗೆ ಬಣ್ಣ ಬಳಿದುಕೊಂಡು ಕುಣಿಯುತ್ತಿದ್ದರು, ಪೊಲೀಸರು ಯಾರನ್ನೆಂದು ಹಿಡಿದಾರು? ಆ ಧೈರ್ಯದಲ್ಲೇ ನನ್ನ ತಮ್ಮ ನೇ ಲಿನ್ ಕೆಂಪು ಜುಟ್ಟು ನೆಟ್ಟಗೆ ನಿಲ್ಲಿಸಿಕೊಂಡು, ನೀರೆರಚುವ ಅಟ್ಟಣೆ ಹತ್ತಿ, ‘ನಮ್ಮ ಮನೆಗೆ ದೀಪವಿಲ್ಲ, ಜನರಲ್‌ಗಳ ನಾಯಿಗೂ ಫ್ಯಾನು’ ಎಂದು ಗಂಟಲು ಹರಿಯುವಂತೆ ಹಾಡಿದ.

ಸಾದಾ ಉಡುಪಿನ ಪೊಲೀಸರು ಹಾಡಿದವನನ್ನು ಹುಡುಕುತ್ತಿದ್ದಾರೆಂದು ತಿಳಿದೊಡನೆ ನಾನೇ ಅವನನ್ನು ಬೌದ್ಧ ವಿಹಾರಕ್ಕೆ ಎಳೆದೊಯ್ದೆ. ಹಬ್ಬಕ್ಕೆಂದು ನಾಲ್ಕು ದಿನ ಭಿಕ್ಷುವಾಗುವವರು ನಮ್ಮಲ್ಲಿ ಬೇಕಾದಷ್ಟು ಜನ. ತಲೆ ಬೋಳಿಸಿ ಕಾಷಾಯ ಉಟ್ಟ ಮೇಲೆ ಅವನಿಗೆ ಪೊಲೀಸರೂ ಕೈಮುಗಿಯಲೇಬೇಕು.

ಮರುದಿನ ಊಟ ಒಯ್ದು, ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದೆ, ನನ್ನ ಕೈಯಲ್ಲಿ ಏಟು ತಿಂದು ಬೆಳೆದವನಿಗೆ.

"ಏಳಕ್ಕ, ನಗು ಬರ್ತಿದೆ."

"ಸುಮ್ನೆ ಕೂತ್ಕೊಳ್ಳಿ ಸ್ವಾಮಿ. ನಾನು ಬಗ್ಗಿದ್ದು ಬಟ್ಟೆಗೆ, ನಿಮ್ಮ ಮುಸುಡಿಗಲ್ಲ."

ಇಬ್ಬರೂ ನಕ್ಕೆವು. ಆಮೇಲೆ ಅವನು ತನ್ನ ತಂಡದ ಡ್ರಮ್ಮರ್ ಪ್ಯೇ ಸೋನ್ ಎಲ್ಲಿದ್ದಾನೆಂದು ಕೇಳಿದ. ತಮ್ಮನಾಗಿದ್ದರೆ ಏನೋ ಒಂದು ಹೇಳಿ ಸಾಗಹಾಕುತ್ತಿದ್ದೆ. ಭಿಕ್ಷುವಿಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

"ಹಿಡ್ಕೊಂಡು ಹೋದ್ರು. ಅವನ ತಲೇನೂ ಕೆಂಪಗಿತ್ತಲ್ಲ, ಹಾಡಿದ್ದು ಅವನೇ ಅಂದ್ಕೊಂಡಿದಾರೆ."

"ಅಲ್ಲ ಅನ್ಲಿಲ್ವಾ ಅವ್ನು?"

"ಬಾಯೇ ಬಿಟ್ಟಿಲ್ವಂತೆ."

ಅವನು ಊಟ ಮುಟ್ಟಲಿಲ್ಲ. ಎದ್ದು ಹೋಗಿ ದೊಡ್ಡ ಗುರುಗಳ ಬಳಿ ಕಾಷಾಯ ಬಿಡಲು ಅಪ್ಪಣೆ ಕೇಳಿದ. ನಾನು ಅತ್ತೆ, ಬೈದೆ, ಅಮ್ಮನ ಆಣೆ ಹಾಕಿದೆ. ಗುರುಗಳಾದರೂ ತಡೆದಾರೆಂದುಕೊಂಡರೆ ಅವರು, "ಹೋಗೋ ಮನಸ್ಸಿರೋನ್ನ ಈ ಬಟ್ಟೆ ಕಟ್ಟಿಹಾಕಲ್ಲಮ್ಮ" ಎಂದುಬಿಟ್ಟರು. ಅವರ ಮೇಲೂ ಸಿಟ್ಟು ಬಂತು. ಲುಂಗಿ, ಅಂಗಿ ಹಾಕಿಕೊಂಡು ಹೊರಟವನ ಹಿಂದೆಯೇ ನಾನೂ ಠಾಣೆಗೆ ಹೋದೆ.

"ಆ ಹಾಡು ಹಾಡಿದ್ದು ನಾನು ಸಾರ್. ಅವನನ್ನ ಬಿಡಿ."

ಸಾರ್ಜೆಂಟ್ ಅವನ ಬೋಳು ತಲೆ ನೋಡಿ ನಕ್ಕ. "ಆ ಕಳ್ಳನಿಗೆ ಕೆಂಪು ಜುಟ್ಟಿತ್ತು ಕಣಯ್ಯ. ಹಬ್ಬದ ಅಮಲು ಇನ್ನೂ ಇಳಿದಿಲ್ವಾ? ಕರ್ಕೊಂಡು ಹೋಗಮ್ಮ ಇವನನ್ನ."

ನನಗೆ ಹೋದ ಜೀವ ಬಂದಂತಾಯಿತು. ತಮ್ಮನ ತೋಳು ಹಿಡಿದು ಬಾಗಿಲತ್ತ ಎಳೆದೆ. ಅವನು ಅಲ್ಲಾಡಲಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿ ಹಾಡತೊಡಗಿದ, ಅದೇ ಒರಟು ಗಂಟಲಿನಲ್ಲಿ, ಒಂದು ಮಾತೂ ನುಂಗದೆ.

ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಒಳಗಿನ ಕೋಣೆಯ ಬಾಗಿಲನ್ನು ಯಾರೋ ಒಳಗಿನಿಂದ ಬಡಿಯತೊಡಗಿದರು. ತಾಳ ಒಂದಿಷ್ಟೂ ತಪ್ಪಲಿಲ್ಲ, ಪ್ಯೇ ಸೋನನದೇ ಕೈ. ಪಾಪಿ, ಬಾಗಿಲು ಬಡಿಯದೆ ಸುಮ್ಮನಿದ್ದಿದ್ದರೆ ನೀನಾದರೂ ಬಿಡುಗಡೆಯಾಗಿ ಮನೆಗೆ ಹೋಗುತ್ತಿದ್ದೆಯಲ್ಲೋ, ಎಂದುಕೊಂಡೆ.

ಸಾರ್ಜೆಂಟ್ ನಗು ನಿಲ್ಲಿಸಿ ಎದ್ದ. ಇನ್ನು ಇಬ್ಬರನ್ನೂ ಬಿಡುವುದಿಲ್ಲವೆಂದು ನನಗೆ ಗೊತ್ತಾಯಿತು. ಸಿಟ್ಟು ಬಂತು, ಹೆಮ್ಮೆಯೂ ಆಯಿತು. ಹಾಡು ಇನ್ನೂ ಅರ್ಧ ಬಾಕಿಯಿತ್ತು. ತಮ್ಮನ ತೋಳು ಬಿಟ್ಟೆ.