ಹಳದಿ ಗಿಳಿಯ ಕೊಕ್ಕು

ವಿಜಯಪುರದ ಗಾಂಧಿ ಚೌಕದಲ್ಲಿ ಸೀರೆ ಅಂಗಡಿ ನಡೆಸುವ ನಂದಾಳಿಗೆ ಹಳೆಯ ಕಟ್ಟಿಗೆಯ ಆಟಿಕೆಗಳನ್ನು ಕೂಡಿಡುವ ಹುಚ್ಚು. ಅದರಲ್ಲೂ ಬಬಲೇಶ್ವರದ ಬಡಿಗ ಅಮೀನಸಾಬ ಐವತ್ತು ವರ್ಷಗಳ ಹಿಂದೆ ಮಾಡಿದ ಆಟಿಕೆಗಳೆಂದರೆ ಜೀವ. ಮುಂಬೈಯ ಕುರ್ಚಿ-ಮೇಜಿನ ಕಾರ್ಖಾನೆಯಲ್ಲಿ ಹೊಸ ಬಗೆಯ ವಿನ್ಯಾಸ ಕಲಿತು ಬಂದಿದ್ದ ಆತ ಕಣ್ಣು, ಕಿವಿ, ಕುಸುರಿ ಒಂದನ್ನೂ ಇಡುತ್ತಿರಲಿಲ್ಲ. ಒಂದು ಅರ್ಧ ವೃತ್ತ, ಎರಡು ಚೌಕ ಜೋಡಿಸಿದರೆ ಎತ್ತು. ಆಗ ಜನ ನಕ್ಕಿದ್ದರಂತೆ.

ತಿಂಗಳ ಹಿಂದೆ ನಂದಾಳಿಗೆ ಬಿಜ್ಜರಗಿ ಹಳ್ಳಿಯ ಮುದುಕಿ ರಾಚವ್ವನ ಮನೆಯ ಅಟ್ಟದಲ್ಲಿ ಅಂಥ ಹಳದಿ ಎತ್ತು, ಹಳದಿ ಗಿಳಿ ಸಿಕ್ಕಿದ್ದವು. ರಾಚವ್ವ ಎರಡನ್ನೂ ಒಯ್ಯಲು ಹೇಳಿದ್ದಳು. ಆದರೆ ಸೊಸೆ ಲಲಿತಾಳ ಎಂಟು ತಿಂಗಳ ಕೂಸು ಕೈಚಾಚಿ ಅತ್ತಾಗ, ನಂದಾ ಗಿಳಿಯನ್ನು ಸೆರಗಿನಿಂದ ಒರೆಸಿ ತಾನೇ ಅದರ ಕೈಗೆ ಕೊಟ್ಟು ಬಂದಿದ್ದಳು.

ಎತ್ತಿನ ಬಣ್ಣ ಉದುರುತ್ತಿತ್ತು. ರಿಪೇರಿಗೆ ಮುಂಚೆ ಬಣ್ಣ ಎಂಥದೆಂದು ತಿಳಿಯಲು ಒಂದು ಚೂರನ್ನು ಪುಣೆಯ ಪ್ರಯೋಗಾಲಯಕ್ಕೆ ಕಳಿಸಿದ್ದಳು. ಸೋಮವಾರ ಮುಂಜಾನೆ ವರದಿ ಬಂತು. ಬಣ್ಣದ ತುಂಬ ಸೀಸ. ಮಕ್ಕಳ ಹೊಟ್ಟೆಗೆ ಹೋದರೆ ವಿಷ. ಗಿಳಿಗೂ ಅದೇ ಹಳದಿ ಬಣ್ಣ.

ಲಲಿತಾಳ ಫೋನ್ ಹತ್ತಲಿಲ್ಲ. ನಂದಾ ಅಂಗಡಿಗೆ ಬೀಗ ಹಾಕಿ ಸ್ಕೂಟಿ ಹತ್ತಿದಳು. ನಡುದಾರಿಯ ಟಿಕೋಟಾದಲ್ಲಿ ನಿಂತು ಮತ್ತೆ ಫೋನ್ ಹಚ್ಚಿದಳು, ಅದೇ ಗತಿ. ಮುಂದಿನ ದಾರಿಯುದ್ದಕ್ಕೂ ಒಂದು ಸುಳ್ಳು ಹೊಸೆದಳು. ಗಿಳಿಯನ್ನು ಪ್ರದರ್ಶನಕ್ಕೆ ಕೇಳಿದ್ದಾರೆ, ಬದಲಿಗೆ ಬೇರೆ ಆಟಿಕೆ ಕೊಡುತ್ತೇನೆ ಎಂದು ಹೇಳಿದರಾಯಿತು. ವಿಷದ ಮಾತೇ ಎತ್ತಬಾರದು ಎಂದುಕೊಂಡಳು.

ರಾಚವ್ವನ ಮನೆಯ ಕಟ್ಟೆಯ ಮೇಲೆ ಕೂಸು ಗಿಳಿಯನ್ನು ಚೀಪುತ್ತ ಕೂತಿತ್ತು. ಕೊಕ್ಕಿನ ಬಣ್ಣವೆಲ್ಲ ಹೋಗಿ ಬರೀ ಕಟ್ಟಿಗೆ ಕಾಣುತ್ತಿತ್ತು.

"ಹಲ್ಲ ಬರಾಕತ್ತಾವ್ರಿ ಅಕ್ಕಾರ. ಇದನ್ನ ಕೈ ಬಿಡಂಗಿಲ್ಲ ನೋಡ್ರಿ," ಎಂದು ಲಲಿತಾ ನಕ್ಕಳು.

ನಂದಾ ಯೋಚಿಸಿಕೊಂಡು ಬಂದ ಸುಳ್ಳು ಬಾಯಿಗೇ ಬರಲಿಲ್ಲ. ಗಿಳಿಯನ್ನು ಕಿತ್ತುಕೊಂಡು, "ತಂಗಿ, ಈ ಬಣ್ಣದಾಗ ವಿಷ ಐತಿ. ನನಗ ಇವತ್ತ ಗೊತ್ತಾತು. ಕೊಟ್ಟಾಕಿ ನಾನ," ಎಂದಳು.

ಲಲಿತಾ ಕೂಸಿನ ಬಾಯಲ್ಲಿ ಬೆರಳು ಹಾಕಿ ಒರೆಸತೊಡಗಿದಳು. ಒರೆಸುತ್ತಲೇ ಇದ್ದಳು. ಕೊನೆಗೆ ರಾಚವ್ವನೇ ಕೂಸಿಗೆ ಹೊದಿಸಲು ಕೌದಿ ತಂದು, ದವಾಖಾನೆಗೆ ಹೋಗೋಣ ನಡೆಯಿರಿ ಎಂದಳು.

ವಿಜಯಪುರದಲ್ಲಿ ಕೂಸಿನ ರಕ್ತ ತೆಗೆದರು. ಫಲಿತಾಂಶಕ್ಕೆ ನಾಲ್ಕು ದಿನ ಬೇಕಿತ್ತು.  ಗಿರಾಕಿಗಳ ಮಕ್ಕಳು ಮುಟ್ಟದಂತೆ ನಂದಾ ಅಂಗಡಿಯಲ್ಲಿ ಜೋಡಿಸಿಟ್ಟಿದ್ದ ಹಳೆಯ ಆಟಿಕೆಗಳನ್ನೆಲ್ಲ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಬಿಜ್ಜರಗಿಗೆ ಫೋನ್ ಮಾಡಿದಾಗಲೆಲ್ಲ ರಾಚವ್ವ ಎತ್ತಿ, ಕೂಸು ಆಡುತ್ತಿದೆ ಎನ್ನುತ್ತಿದ್ದಳು. ಲಲಿತಾ ಫೋನಿಗೆ ಬರಲಿಲ್ಲ.

ಶುಕ್ರವಾರ ಎಲ್ಲರೂ ಮತ್ತೆ ದವಾಖಾನೆಗೆ ಬಂದರು. ರಕ್ತದಲ್ಲಿ ಸೀಸ ಇದೆ, ಆದರೆ ಚಿಕಿತ್ಸೆ ಬೇಕಾಗುವಷ್ಟಿಲ್ಲ, ಮೂರು ತಿಂಗಳ ಮೇಲೆ ಮತ್ತೆ ನೋಡೋಣ ಎಂದರು ಡಾಕ್ಟರು. 

ಹೊರಗೆ ಬಂದ ಮೇಲೆ ಲಲಿತಾ ನಂದಾಳ ಕಡೆ ತಿರುಗಿದಳು. "ಮೂರು ತಿಂಗಳ ಮ್ಯಾಲ ನೀವೂ ಬರಬೇಕ್ರಿ."

"ಬರ್ತೀನಿ," ಎಂದಳು ನಂದಾ.

ಡಾಕ್ಟರು ಬರೆದುಕೊಟ್ಟ ಟಾನಿಕ್ ತರಲು ಲಲಿತಾ ಔಷಧಿ ಅಂಗಡಿಗೆ ಹೋಗುವಾಗ ಕೂಸನ್ನು ಅವಳ ಕೈಗೆ ಕೊಟ್ಟಳು. ಅದು ನಂದಾಳ ಬಳೆಯನ್ನು ಹಿಡಿದು ಬಾಯಿಗೆ ಒಯ್ಯಿತು. ನಂದಾ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.