ತಣ್ಣೀರಿನ ತೋಡು

ಅಬ್ದುಲ್ ಹಕೀಂ ನಲ್ಲಿಯಡಿ ಕೈ ಹಿಡಿದವನೇ ಹಿಂದೆ ಎಳೆದುಕೊಂಡ. ಆಗಸ್ಟಿನ ನೀರು. ಮೊಟ್ಟೆ ಇಟ್ಟರೆ ಬೆಂದು, ಒಳಗಿನ ಮರಿ ಎದ್ದು ಸಲಾಂ ಹೇಳುವಷ್ಟು ಬಿಸಿ.

ಹೂಳುವ ಮೊದಲು ಮಯ್ಯತ್ತು ತೊಳೆಯುವ ಮೇಜಿನ ಮೇಲೆ ಮಮ್ಮು ಮಲಗಿದ್ದ. ಕುವೈಟಿನ ಸಲ್ವಾ ಬಡಾವಣೆಯ ಅರ್ಧ ಮನೆಗಳಿಗೆ ಟ್ಯಾಂಕರಿನಲ್ಲಿ ನೀರು ತಂದು ಹಾಕಿದವ. ನಿನ್ನೆ ಸ್ಟೇರಿಂಗ್ ಹಿಡಿದಲ್ಲೇ ಎದೆ ನಿಂತಿತ್ತು.

ಊರಿಂದ ಅವನ ಹೆಂಡತಿ ರಮ್ಲಾ ಫೋನಿನಲ್ಲಿ ಕೇಳಿದ್ದು ಒಂದೇ. "ಹಕೀಮಾಕ, ಅವರಿಗೆ ಬಿಸಿನೀರು ಹಾಕ್ಬೇಡಿ. ಬಿಸಿಲಲ್ಲೇ ಬೆಂದ ಜೀವ."

"ಕೆಂಪು ನಲ್ಲಿ ತಿರುಗಿಸು," ಅಂದ ಹಕೀಂ, ಜೊತೆಗೆ ಬಂದ ಇನ್ನೊಬ್ಬ ಟ್ಯಾಂಕರ್ ಡ್ರೈವರ್ ತಾಹಿರನಿಗೆ. ಕುವೈಟಿನ ಬೇಸಿಗೆಯಲ್ಲಿ ಎಲ್ಲರ ಉಪಾಯ ಅದೇ: ತಾರಸಿ ಟ್ಯಾಂಕಿಯ ನೀರು ಬೆಂಕಿ, ಒಳಗೆ ಆರಿಸಿಟ್ಟ ಗೀಸರಿನ ನೀರು ತಂಪು.

ತಾಹಿರ್ ತಿರುಗಿಸಿದ. ಹಬೆ ಎದ್ದಿತು. "ಇಲ್ಲಿಯ ಗೀಸರ್ ಯಾರೂ ಆರಿಸಲೇ ಇಲ್ಲ ಮಾರಾಯ."

"ಯಲ್ಲಾ, ಯಲ್ಲಾ," ಅಂದ ತೊಳೆಯುವವ. ಹೊರಗೆ ಇನ್ನೊಂದು ಮಯ್ಯತ್ತು ಕಾಯುತ್ತಿತ್ತು.

ಹಕೀಂ ಬಕೆಟ್ಟಿಗೆ ಬಾಯಿಯಿಂದ ಊದಿದ. ಊದಿ ಊದಿ ಗಂಟಲು ಒಣಗಿತು. ನೀರು ಆರಲಿಲ್ಲ. ಅದರಲ್ಲೇ ತೊಳೆದಾಯಿತು.

*

ಟ್ಯಾಂಕರ್ ತುಂಬಿಸುವ ಸಾಲಿನಲ್ಲಿ ಮಮ್ಮುವಿನದ್ದು ಯಾವಾಗಲೂ ರೋಮಿನ ಕತೆ. ಮೊಬೈಲಲ್ಲಿ ನೋಡಿದ್ದು.

"ಅಷ್ಟು ದೊಡ್ಡ ಊರಿಗೆ ದೂರದ ಗುಡ್ಡದಿಂದ ನೀರು. ಪಂಪಿಲ್ಲ, ಟ್ಯಾಂಕರಿಲ್ಲ. ಕಲ್ಲಿನ ತೋಡು, ಅದೂ ಹೆಚ್ಚಿನದ್ದು ಮಣ್ಣಿನಡಿ, ತಂಪಲ್ಲಿ. ತಗ್ಗು ಬಂದ್ರೆ ಕಮಾನು ಕಟ್ಟಿ ದಾಟಿಸಿದ್ರು. ಇಳಿಜಾರು ಚೂರೇ ಚೂರು. ಜಾಸ್ತಿಯಾದ್ರೆ ತೋಡು ಕೊರೀತದೆ, ಕಮ್ಮಿಯಾದ್ರೆ ನೀರು ನಿಲ್ತದೆ. ರಾಜ ಸ್ನಾನಕ್ಕಿಳಿದ್ರೆ ಗುಡ್ಡದ ಮೀನು ಬಂದು ಬೆನ್ನು ತಿಕ್ತಿತ್ತು."

"ನೀನು ನೋಡಿದ್ದಾ?" ಹಕೀಂ ಕೇಳಿದ.

"ನನ್ನಜ್ಜ ಅಲ್ಲಿ ಮೇಸ್ತ್ರಿ."

ಸಾಲಿಡೀ ನಕ್ಕಿತು. ನಗು ಮುಗಿದ ಮೇಲೆ ಮಮ್ಮು ಮೆಲ್ಲ ಅಂದ, "ನಮ್ಮ ಮನೆಯ ಮೇಲಿನ ಗುಡ್ಡದಲ್ಲೊಂದು ನೀರಿನ ಊಟೆ ಉಂಟು ಹಕೀಂ. ಈ ಸಲ ರಜೆಗೆ ಹೋದಾಗ ರಮ್ಲಾಳ ಅಡುಗೆಮನೆವರೆಗೆ ತೋಡು ಕಡಿತೇನೆ. ಅವಳು ಕೊಡ ಹೊತ್ತದ್ದು ಸಾಕು."

*

ಹೂತಾಯಿತು. ಜನ ಕಾರಿನ ಎಸಿಗೆ ಓಡಿದರು. ಹೊರಗೆ ನಿಲ್ಲಿಸಿದ್ದ ಮಮ್ಮುವಿನ ಟ್ಯಾಂಕರಿನ ಐಸ್ ಡಬ್ಬಿ ತಾಹಿರನಿಗೆ ನೆನಪಾದದ್ದು ಈಗ; ಒಂದು ಬಾಟಲಿ ತಣ್ಣೀರು ತಂದುಕೊಟ್ಟ. ಫೋನ್ ಬಡಿದುಕೊಂಡಿತು.

"ತಣ್ಣೀರೇ ಹಾಕಿದ್ದಲ್ವಾ, ಹಕೀಮಾಕ?"

ಹಕೀಂ ಬಾಟಲಿ ನೋಡಿದ. "ಹಾಕ್ತಾ ಇದ್ದೇನೆ ತಂಗಿ."

ಹೊಸ ಮಣ್ಣಿನ ಮೇಲೆ, ತಲೆಯ ಕಡೆ ಸುರಿದ. ನೀರು ಪಕ್ಕದ ಗೋರಿಯತ್ತ ಜಾರಿತು. ಅವನು ಮೊಣಕಾಲೂರಿ, ಮಮ್ಮುವಿನ ಎದೆಯ ನೇರಕ್ಕೆ ಬೆರಳಿನಿಂದ ಗೆರೆ ಕೊರೆದ. ಚೂರೇ ಚೂರು ಇಳಿಜಾರು. ನೀರು ತಿರುಗಿ ಬೆರಳಿನ ಬೆನ್ನು ಹಿಡಿಯಿತು.

ಅರ್ಧ ದಾರಿಗೆ ಮರಳು ಕುಡಿದುಬಿಟ್ಟಿತು. ಬೆರಳು ಮಾತ್ರ ಮುಂದೆ ಹೋಯಿತು.