ಮಹಾದೇವಿಗೆ ಸಿಟ್ಟು ಬಂದ ಚುನಾವಣೆ

ಚುನಾವಣೆ ಹತ್ತಿರ ಬಂತೆಂದರೆ ಬೆಂಗಳೂರಿನ ಬಾಗಲಗುಂಟೆಯ ವಠಾರಗಳಿಗೆ ಇದ್ದಕ್ಕಿದ್ದಂತೆ ನೆಂಟರು ಹೆಚ್ಚುತ್ತಾರೆ. ಐದು ವರ್ಷ ಈ ಕಡೆ ತಲೆ ಹಾಕದವರು "ಅಕ್ಕಾ, ಚೆನ್ನಾಗಿದ್ದೀರಾ?" ಎಂದು ಕೈ ಮುಗಿಯುತ್ತಾರೆ. ಲೋಕಸಭೆ ಚುನಾವಣೆಗೆ ಇನ್ನೂ ಎರಡು ತಿಂಗಳಿರುವಾಗಲೇ ಮೈಕು ಕಟ್ಟಿದ ಆಟೊ ಒಂದು ಬೀದಿಗೆ ಬಂತು. ಬಟ್ಟೆ ಒಗೆಯುತ್ತಿದ್ದ ಮಹಾದೇವಿ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮಹಾದೇವಿ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸದವಳು. ಅವಳೂ ಗಂಡ ಸಿದ್ರಾಮನೂ ಸುರಪುರದ ಕಡೆಯವರು. ಇಲ್ಲಿಗೆ ಬಂದು ಬಾಡಿಗೆ ಕೋಣೆ ಹಿಡಿದು ಎಂಟು ವರ್ಷವಾಗಿತ್ತು.

ಆಟೊ ಮರೆಯಾದ ಮೇಲೆ ನಾಗಲಕ್ಷ್ಮಮ್ಮ ಬಂದರು. ಅವರು ಆ ಬೀದಿಯ ಅಂಗನವಾಡಿ ಟೀಚರ್. ಅಲ್ಲಿನ ಬೂತಿನ ಮತದಾರರ ಹೆಸರು ಸೇರಿಸುವ ಕೆಲಸವೂ ಅವರದೇ.

"ಮಹಾದೇವಿ, ನಿಮ್ಮಿಬ್ಬರ ವೋಟು ಇನ್ನೂ ಊರಲ್ಲೇ ಇದೆಯೇನಮ್ಮ? ಇಲ್ಲಿಗೆ ಮಾಡಿಸ್ಕೊಳ್ಳಿ."

ಕೇಳಿದ್ದೇ ತಡ, ಮಹಾದೇವಿ ಕೈಲಿದ್ದ ಪ್ಯಾಂಟನ್ನು ಒಗೆಯುವ ಕಲ್ಲಿಗೆ ಅಪ್ಪಳಿಸಿದಳು.

"ಟೀಚರ್, ಬ್ಯಾರೆ ಏನರೆ ಕೇಳ್ರಿ. ವೋಟಿನ ಸುದ್ದಿ ಮಾತ್ರ ನಮ್ಮ ಬಾಗಿಲಿಗೆ ತರಬ್ಯಾಡ್ರಿ. ಯಾರು ಗೆದ್ರೂ ನಮ್ಮ ಹಣೆಬರಹ ಇಷ್ಟೇ ಅದ."

ಅವಳ ಸಿಟ್ಟಿಗೆ ಕಾರಣವಿತ್ತು. ಹಿಂದಿನ ವರ್ಷ ಸಿದ್ರಾಮ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಮಿಷಿನ್ನಿನ ಮೇಲೆ ಕೆಲಸ ಮಾಡುತ್ತಿದ್ದ. ಕೈ ಒಳಗಿದ್ದರೆ ತಾನಾಗಿ ನಿಲ್ಲಬೇಕಾದ ಮಿಷಿನ್ನು ಅದು. ನಿಲ್ಲಿಸುವ ಸೆನ್ಸರ್ ಕೆಟ್ಟಿದೆ ಎಂದು ಹೇಳಿ ಹೇಳಿ ಕೆಲಸಗಾರರ ಬಾಯಿ ಒಣಗಿತ್ತು. ಯಾರೂ ಸರಿ ಮಾಡಿಸಲಿಲ್ಲ. ಒಂದು ಮಧ್ಯಾಹ್ನ ಸಿದ್ರಾಮನ ಎಡಗೈಯ ಎರಡು ಬೆರಳು ಹೋದವು. ಅವನನ್ನು ಕೆಲಸಕ್ಕೆ ಸೇರಿಸಿದ್ದ ಗುತ್ತಿಗೆದಾರ ಆಸ್ಪತ್ರೆಯ ಬಾಗಿಲವರೆಗೆ ಬಂದವನು ಆಮೇಲೆ ಫೋನನ್ನೂ ಎತ್ತಲಿಲ್ಲ. ಕೆಲಸಗಾರರ ಸರ್ಕಾರಿ ವಿಮೆಯಾದ ಇಎಸ್‌ಐಗೆ ಸಿದ್ರಾಮನ ಹೆಸರೇ ಸೇರಿಸಿರಲಿಲ್ಲ. ಕಾರ್ಖಾನೆಯವರಂತೂ "ಇವನು ನಮ್ಮ ಕೆಲಸಗಾರನೇ ಅಲ್ಲ" ಎಂದುಬಿಟ್ಟರು.

ಮಹಾದೇವಿ ಗಂಡನನ್ನು ಕರೆದುಕೊಂಡು ಇಲ್ಲಿನ ನಾಯಕರೊಬ್ಬರ ಕಚೇರಿಗೆ ಹೋದಳು. ಹೊತ್ತು ನೆತ್ತಿಗೇರುವವರೆಗೂ ಹೊರಗೆ ನಿಲ್ಲಿಸಿದರು. ಕೊನೆಗೆ ನಾಯಕರ ಸಹಾಯಕ ಬಂದ. ಕೈಗೆ ಸುತ್ತಿದ ಬ್ಯಾಂಡೇಜನ್ನೂ ನೋಡದೆ ಕೇಳಿದ: "ನಿಮ್ಮ ವೋಟ್ ಎಲ್ಲಿದೆ?"

"ಊರಾಗ ಅದರಿ, ಸುರಪುರದ ಕಡೆ."

"ಹಾಗಾದ್ರೆ ಅಲ್ಲೇ ಹೋಗಿ ಕೇಳಿ."

ಊರಿಗೆ ಹೋಗಿ ಕೇಳಿದರೆ ಅಲ್ಲಿಯವರು, "ಬೆರಳು ಹೋಗಿದ್ದು ಬೆಂಗಳೂರಾಗ, ಅಲ್ಲೇ ಕೇಳ್ರಿ" ಎಂದರು. ಅಂದಿನಿಂದ ಮಹಾದೇವಿಗೆ ವೋಟು ಎಂಬ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು.

ನಾಗಲಕ್ಷ್ಮಮ್ಮನಿಗೆ ಈ ಕಥೆ ಗೊತ್ತಿತ್ತು. ಅವರು ಹೊರಡಲಿಲ್ಲ, ಮೆಟ್ಟಿಲ ಮೇಲೆ ಕುಳಿತರು.

"ನಿನ್ನ ಸಿಟ್ಟು ತಪ್ಪು ಅಂತ ನಾನು ಹೇಳಲ್ಲ ಕಣಮ್ಮ. ನಂಗೂ ಇದೆ ಸಿಟ್ಟು. ಅಂಗನವಾಡಿ ಶೀಟು ಸೋರುತ್ತೆ ಅಂತ ಎಷ್ಟು ಸಲ ಹೇಳಿ ಬಂದೆ! ಆದ್ರೆ ಒಂದು ಹೇಳು. ಆ ಕಚೇರೀಲಿ ನಿನ್ನ ಗಂಡನ ಬೆರಳು ಹೇಗೆ ಹೋಯ್ತು ಅಂತ ಕೇಳಿದ್ರಾ?"

"ಇಲ್ರಿ."

"ಕುಡಿಯೋಕೆ ನೀರು ಬೇಕಾ ಅಂತ?"

"ಅವರ್‍ಯಾಕ ಕೇಳ್ತಾರ್ರಿ!"

"ಮೊದಲು ಕೇಳಿದ್ದೇ ವೋಟ್ ಎಲ್ಲಿದೆ ಅಂತ. ಅಂದ್ರೆ ಅದರ ಬೆಲೆ ಅವರಿಗೆ ಚೆನ್ನಾಗಿ ಗೊತ್ತು. ನೀನು ಮಾತ್ರ ಅದನ್ನ ಕಸದ ಥರ ಮೂಲೆಗೆ ಹಾಕಿದ್ದೀಯ."

ಮಹಾದೇವಿ ಪ್ಯಾಂಟನ್ನು ಹಿಂಡುತ್ತ, "ವೋಟ್ ಹಾಕಿದ್ರ ಹೋದ ಬೆರಳು ಬರ್ತಾವೇನ್ರಿ?" ಎಂದಳು.

"ಬರಲ್ಲ. ಬರುತ್ತೆ ಅನ್ನೋರು ಸುಳ್ಳುಗಾರರು. ಆದ್ರೆ ಇದು ಪಾರ್ಲಿಮೆಂಟ್ ಎಲೆಕ್ಷನ್ನು. ಇಎಸ್‌ಐ, ಪಿಎಫ್, ಕಾರ್ಖಾನೆ ಕಾನೂನು ಎಲ್ಲಾ ಚರ್ಚೆ ಆಗೋ ಜಾಗ ಅದು. ನಿಮ್ಮಂಥೋರು ದುಡಿಯೋದು ಇಲ್ಲಿ, ವೋಟು ಇನ್ನೆಲ್ಲೋ ಅಂದ್ರೆ, ನಿಮ್ಮ ಪರವಾಗಿ ಅಲ್ಲಿ ಬಾಯಿ ಬಿಡೋರು ಯಾರು?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸಿದ್ರಾಮ ಕಹಿಯಾಗಿ ನಕ್ಕು ಎಡಗೈ ಎತ್ತಿ ತೋರಿಸಿದ. ತೋರುಬೆರಳಿರಬೇಕಾದಲ್ಲಿ ಬರೀ ಗಾಯದ ಗಂಟು.

"ವೋಟ್ ಹಾಕಿದ್ರ ಮಸಿ ಹಚ್ಚೂದು ಈ ಬೆರಳಿಗೆ ಅಲ್ಲೇನ್ರಿ ಟೀಚರ್? ಬೆರಳೇ ಇಲ್ಲ. ನನ್ನ ವೋಟ್ ನಡಿತದೇನು?"

ನಾಗಲಕ್ಷ್ಮಮ್ಮ ಎದ್ದು ಅವನ ಹತ್ತಿರ ಬಂದರು. ಮೆಲ್ಲಗೆ ಹೇಳಿದರು: "ನಡೆಯುತ್ತಪ್ಪ. ಎಡಗೈಲಿ ಉಳಿದಿರೋ ಬೇರೆ ಬೆರಳಿಗೆ ಹಚ್ತಾರೆ. ಬೆರಳಿಲ್ಲ ಅಂತ ನಿನ್ನ ಯಾರೂ ವಾಪಸ್ ಕಳಿಸೋ ಹಾಗಿಲ್ಲ."

"ಹಂಗಿದ್ರ ನನ್ನ ವೋಟ್ ಇಲ್ಲಿಗೆ ಮಾಡಿಸ್ರಿ," ಎಂದ ಸಿದ್ರಾಮ.

ಗಂಡ ಹೇಳಿದ ಮೇಲೆ ಮಹಾದೇವಿಯೂ ಒಪ್ಪಿದಳು. ವಿಳಾಸ ಬದಲಿಸುವ ಎಂಟನೇ ನಮೂನೆ ಅರ್ಜಿಯನ್ನು ಟೀಚರೇ ತುಂಬಲು ನೆರವಾದರು. ವಿಳಾಸದ ದಾಖಲೆಗೆ ಬಾಡಿಗೆ ಕರಾರು ಗಂಡ ಹೆಂಡತಿಯ ಬಳಿ ಇರಲಿಲ್ಲ. ಇಲ್ಲಿನ ವಿಳಾಸವಿದ್ದ ಬ್ಯಾಂಕ್ ಪಾಸ್‌ಬುಕ್ ಸಾಕಾಯಿತು. ಆದರೂ ಮಹಾದೇವಿಯ ಮನಸ್ಸು ಪೂರ್ತಿ ತಿರುಗಿರಲಿಲ್ಲ. "ಹೆಸರು ಬಂದ್ರ ಬರಲಿ. ಹೋಗೂದು ಬಿಡೂದು ಆಮ್ಯಾಲ ನೋಡೂಣು," ಎಂದಳು.

ಮತದಾನ ಒಂದು ಶುಕ್ರವಾರಕ್ಕೆ ನಿಗದಿಯಾಯಿತು. ಅಷ್ಟರಲ್ಲಿ ಇಬ್ಬರ ಹೆಸರೂ ಇಲ್ಲಿನ ಪಟ್ಟಿಗೆ ಬಂದಿತ್ತು. ಆ ವಾರದ ಬುಧವಾರ ಬೆಳಿಗ್ಗೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ವಿಭಾಗದ ಇನ್‌ಚಾರ್ಜ್ ಸಿದ್ದರಾಜು ಬಂದು ಮಧ್ಯದಲ್ಲಿ ನಿಂತು ಚಪ್ಪಾಳೆ ತಟ್ಟಿದ.

"ಎಲ್ಲಾ ಕೇಳಿಸ್ಕೊಳ್ಳಿ. ಶುಕ್ರವಾರ ರಜೆ ಇಲ್ಲ, ಶಿಪ್‌ಮೆಂಟ್ ಇದೆ. ವೋಟ್ ಹಾಕ್ಲೇಬೇಕು ಅನ್ನೋರು ಹೋಗಿ, ಬೇಡ ಅನ್ನಲ್ಲ. ಆ ದಿನದ ಸಂಬಳ ಕಟ್, ಹಾಜರಾತಿ ಬೋನಸ್ಸೂ ಕಟ್."

ಹೆಂಗಸರ ನಡುವೆ ಗುಸುಗುಸು ಎದ್ದಿತು. ಸಿದ್ದರಾಜು ನಕ್ಕ. "ಅಯ್ಯೋ, ನೀವು ವೋಟ್ ಹಾಕಿ ದೇಶ ಉದ್ಧಾರ ಆಗ್ಬೇಕಾ? ಯಾರು ಗೆದ್ರೂ ನಿಮ್ಮ ಹಣೆಬರಹ ಇಷ್ಟೇ, ಇದೇ ಮಿಷಿನ್ನು. ಸುಮ್ನೆ ಹೊಲೀರಿ."

ಮಹಾದೇವಿಯ ಕಾಲು ಪೆಡಲಿನ ಮೇಲೆಯೇ ನಿಂತಿತು. ಇದು ಅವಳದೇ ಮಾತು. 'ನಮ್ಮ' ಎಂಬುದು 'ನಿಮ್ಮ' ಆಗಿತ್ತು, ಅಷ್ಟೇ. ಆದರೆ ತನ್ನ ಬಾಯಲ್ಲಿ ನೋವಾಗಿದ್ದ ಮಾತು ಅವನ ಬಾಯಲ್ಲಿ ಅಪ್ಪಣೆಯಾಗಿತ್ತು. ನಾನು ಸೋತು ಕೂತರೆ ಇವರಿಗೆ ಎಷ್ಟು ಅನುಕೂಲ! ಇಷ್ಟು ದಿನ ಇವರ ಕೆಲಸವನ್ನು ನಾನೇ ಸುಲಭ ಮಾಡಿಕೊಟ್ಟೆನಲ್ಲ ಎನಿಸಿ ಅವಳ ಕಿವಿ ಕೆಂಪಾಯಿತು.

ಅವಳು ಎದ್ದು ನಿಂತಳು. "ಸಾರ್, ನಮ್ಮ ಹಣೆಬರಹಕ್ಕ ನಾವು ಬೈಕೋತೀವಿ. ನೀವ್ಯಾರ್ರಿ ಬೈಯಾಕ?"

"ಏಯ್, ಕೂತ್ಕೊಂಡು ಕೆಲಸ ಮಾಡಮ್ಮ!"

ಅವಳು ಕುಳಿತಳು. ಆದರೆ ಊಟದ ಬಿಡುವಿನಲ್ಲಿ ನಾಗಲಕ್ಷ್ಮಮ್ಮನಿಗೆ ಫೋನ್ ಮಾಡಿದಳು. ಪಕ್ಕದ ಮಿಷಿನ್ನಿನ ಸವಿತಾ, ಜೊತೆಗೆ ಹತ್ತಾರು ಹೆಂಗಸರು ಸುತ್ತ ನಿಂತು ಕೇಳಿಸಿಕೊಂಡರು.

"ರಜೆ ಕೊಡೋದು ಅವರ ದಾನ ಅಲ್ಲ ಕಣಮ್ಮ," ಎಂದರು ಟೀಚರ್. "ವೋಟಿರೋ ಕೆಲಸಗಾರರಿಗೆ ಮತದಾನದ ದಿನ ಸಂಬಳದ ಸಮೇತ ರಜೆ ಕೊಡ್ಬೇಕು ಅಂತ ಕಾನೂನೇ ಇದೆ. ದಿನಗೂಲಿಯವರಿಗೂ ಅಷ್ಟೇ. ಇಲ್ಲ ಅಂದ್ರೆ ಚುನಾವಣಾ ಆಯೋಗದ 1950 ನಂಬರಿಗೆ ಫೋನ್ ಮಾಡಿ ದೂರು ಹೇಳಿ. ಒಬ್ಬಳೇ ಹೋಗ್ಬೇಡ, ಎಲ್ಲಾ ಸೇರಿ ಹೋಗಿ."

ಹೋದರು. ಕೆಲಸಗಾರರ ರಜೆ, ಹಾಜರಾತಿ ನೋಡಿಕೊಳ್ಳುವ ಎಚ್‌ಆರ್ ಮೇಡಂ ಎದುರು ಮಹಾದೇವಿಯೇ ಮುಂದೆ ನಿಂತು ರಜೆ ಕೇಳಿದಳು. ಮನೆಯಲ್ಲಿ ಈಗ ದುಡಿಯುವವಳು ಅವಳೊಬ್ಬಳೇ. ಕೆಲಸ ಹೋದರೆ ನಾಳೆ ಒಲೆ ಹಚ್ಚುವುದು ಹೇಗೆ?

ಎಚ್‌ಆರ್ ಮೇಡಂ ಮುಖ ಸಣ್ಣದು ಮಾಡಿಕೊಂಡರು. "ಆಯ್ತು, ಬೆಳಿಗ್ಗೆ ಎರಡು ಗಂಟೆ ಪರ್ಮಿಷನ್ ಕೊಡೋಣ."

"ಪರ್ಮಿಷನ್ ಕೇಳಾಕ ಬಂದಿಲ್ರಿ ಮೇಡಂ. ಕಾನೂನಿನಾಗ ಇದ್ದ ರಜಾ ಕೇಳಾಕ ಬಂದೀವಿ. ಗೇಟಿಗೆ ನೋಟಿಸ್ ಹಾಕ್ರಿ. ಇಲ್ಲಂದ್ರ ಇಲ್ಲೇ, ನಿಮ್ಮ ಮುಂದನ ಫೋನ್ ಹಚ್ತೀವಿ."

ಸವಿತಾ ಫೋನನ್ನು ಆಗಲೇ ಕೈಗೆ ತೆಗೆದಿದ್ದಳು. ಹಿಂದಿದ್ದ ಹೆಂಗಸರು ಯಾರೂ ಕದಲಲಿಲ್ಲ. ಮೇಡಂ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮೇಲಿನವರ ಜೊತೆ ಮಾತಾಡಿ ಬಂದರು. ಸಂಜೆ ಮನೆಗೆ ಹೊರಡುವ ಹೊತ್ತಿಗೆ ಗೇಟಿನಲ್ಲಿ ನೋಟಿಸ್ ಅಂಟಿತ್ತು: ಶುಕ್ರವಾರ ಸಂಬಳ ಸಹಿತ ರಜೆ. ಸಿದ್ದರಾಜು ಆ ದಾರಿಯಲ್ಲಿ ಬಂದವನು ಬೇರೆ ಕಡೆ ನೋಡುತ್ತ ಹೋದ.

ಶುಕ್ರವಾರ ಗಂಡ ಹೆಂಡತಿ ಸರ್ಕಾರಿ ಶಾಲೆಯ ಬೂತಿನಲ್ಲಿ ಸಾಲು ನಿಂತರು. ಬಿಸಿಲು ಬೆನ್ನು ಸುಡುತ್ತಿತ್ತು. ಮಹಾದೇವಿ ಮತಯಂತ್ರದ ಮುಂದೆ ಹೋದಳು. ಬೆನ್ನ ಹಿಂದೆ "ಬೇಗ ಬೇಗ" ಎನ್ನಲು ಯಾವ ಇನ್‌ಚಾರ್ಜೂ ಇರಲಿಲ್ಲ. ಎಲ್ಲ ಹೆಸರನ್ನೂ ಮೇಲಿಂದ ಕೆಳಗೆ ಓದಿ, ತನಗೆ ಸರಿ ಕಂಡದ್ದನ್ನು ಒತ್ತಿದಳು.

"ಯಾರಿಗೆ ಹಾಕಿದಿ?" ಎಂದು ಸಿದ್ರಾಮ ಹೊರಗೆ ಕೇಳಿದ.

"ನಿಮಗ್ಯಾಕ ಹೇಳ್ಲಿ?" ಎಂದಳು. ಬಹಳ ದಿನದ ಮೇಲೆ ಇಬ್ಬರೂ ನಕ್ಕರು.

ಅವಳು ವೋಟು ಹಾಕಿದವರು ಗೆಲ್ಲಲಿಲ್ಲ. ಆದರೂ ಫಲಿತಾಂಶ ಬಂದ ಮೇಲೆ ಅವಳು ಮನೆಯಲ್ಲಿ ಕೂರಲಿಲ್ಲ. ಗಾರ್ಮೆಂಟ್ಸ್ ಹೆಂಗಸರನ್ನು ಕಟ್ಟಿಕೊಂಡು ಗೆದ್ದವರ ಕಚೇರಿಗೇ ಹೋದಳು. ಅಷ್ಟೊಂದು ಮತದಾರರು ಒಟ್ಟಿಗೆ ಬಾಗಿಲಲ್ಲಿ ನಿಂತಾಗ ಹೊರಗೆ ಕಾಯಿಸುವುದು ಅವರಿಗೂ ಕಷ್ಟವಾಯಿತು. ಸಿದ್ರಾಮನ ದೂರು ಇಎಸ್‌ಐ ಕಚೇರಿಗೆ ಹೋಗಿದೆ. ಅಧಿಕಾರಿಗಳು ಕಾರ್ಖಾನೆಯವರನ್ನು ಕರೆಸಿ ವಿಚಾರಣೆ ಶುರುಮಾಡಿದ್ದಾರೆ. ಪರಿಹಾರ ಇನ್ನೂ ಬಂದಿಲ್ಲ, ಮಹಾದೇವಿಯ ಸಿಟ್ಟೂ ಇಳಿದಿಲ್ಲ. ಬರುವ ತನಕ ಬಿಡುವುದಿಲ್ಲ ಎನ್ನುತ್ತಾಳೆ.

ಪೀಣ್ಯದಲ್ಲಿ, ನಾಗಸಂದ್ರದಲ್ಲಿ, ಹೆಬ್ಬಗೋಡಿಯಲ್ಲಿ ದುಡಿಯುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಸಿಟ್ಟಿದೆಯೇ? ಇರಲಿ, ಅದು ನ್ಯಾಯವಾದ ಸಿಟ್ಟು. ಅದನ್ನು ಬಾಗಿಲು ಹಾಕಿಕೊಂಡು ಹಾಳುಮಾಡಬೇಡಿ. ವೋಟು ಊರಲ್ಲಿದ್ದರೆ ನೀವು ಈಗಿರುವ ಕಡೆಗೆ ಮಾಡಿಸಿಕೊಳ್ಳಿ, ಕೊನೆಯ ಗಳಿಗೆಯವರೆಗೆ ಕಾಯಬೇಡಿ. ಗೊತ್ತಾಗದಿದ್ದರೆ 1950ಕ್ಕೆ ಫೋನ್ ಮಾಡಿ ಕೇಳಿ. ಮತದಾನದ ದಿನದ ರಜೆ ನಿಮ್ಮ ಹಕ್ಕು, ಬಿಟ್ಟುಕೊಡಬೇಡಿ. ನಿಂತವರು ಒಬ್ಬರೂ ಬೇಡ ಎನಿಸಿದರೆ ಅದನ್ನು ಹೇಳಲೂ ಯಂತ್ರದಲ್ಲಿ ನೋಟಾ ಗುಂಡಿ ಇದೆ, ಬೂತಿಗೆ ಹೋಗಿಯೇ ಹೇಳಿ. ನೀವು ಬೇಸತ್ತು ಮನೆಯಲ್ಲಿ ಕುಳಿತರೆ, ನಿಮ್ಮನ್ನು ಲೆಕ್ಕಕ್ಕಿಡದವರು ನಿಶ್ಚಿಂತೆಯಿಂದ ನಗುತ್ತಾರೆ. ಅವರನ್ನು ನಗಲು ಬಿಡಬೇಡಿ. ಎದ್ದು ಹೋಗಿ ವೋಟು ಹಾಕಿ.